ಅಪ್ಪನನ್ನು ಟಿವಿ ಮುಂದಿನಿಂದ ಎಬ್ಬಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಅಪ್ಪನಿಗೆ 71. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅಮ್ಮ ಹೋಗಿ ಒಂದೂವರೆ ವರ್ಷ ಆಯ್ತು. ಬೆಳಿಗ್ಗೆ ಪೇಪರ್, ಆಮೇಲೆ ರಾತ್ರಿವರೆಗೂ ಟಿವಿ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಿರಿಯರಿಗೆ ಅಂತಲೇ ಯೋಗ, ಮೊಬೈಲ್ ಕ್ಲಾಸ್ ನಡೆಯುತ್ತದೆ. ಕರೆದರೆ ‘ನಾನೇನು ಅಷ್ಟು ಮುದುಕನಾ?’ ಅಂತಾರೆ. ನಿಮ್ಮ ಮನೆಯಲ್ಲಿ ಹೇಗೆ ಒಪ್ಪಿಸಿದಿರಿ?

ಬೆಂಗಳೂರಿನಿಂದ
ನಾಲ್ಕು ವರ್ಷದಿಂದ ಶನಿವಾರ ಹಿರಿಯರಿಗೆ ಮೊಬೈಲ್ ಹೇಳಿಕೊಡುತ್ತೇನೆ. ‘ಕಲಿಯೋಕೆ ಬನ್ನಿ’ ಅಂದರೆ ಗಂಡಸರು ಬರುವುದೇ ಇಲ್ಲ. ಆದರೆ ನವೆಂಬರ್‌ನಲ್ಲಿ ಕೂರೋಕೆ ಕುರ್ಚಿ ಸಾಲದು. ಪಿಂಚಣಿಯವರು ಜೀವಂತ ಪ್ರಮಾಣಪತ್ರ ಕೊಡಬೇಕಲ್ವಾ. ವಯಸ್ಸಾದ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಬೆರಳ ಗುರುತು ಹಿಡಿಯುವುದಿಲ್ಲ. ಈಗ ಮೊಬೈಲ್ ಕ್ಯಾಮೆರಾಗೆ ಮುಖ ತೋರಿಸಿ, ಕಣ್ಣು ಮಿಟುಕಿಸಿದರೆ ಆಯ್ತು. ಒಬ್ಬ ಅಜ್ಜ ಕನ್ನಡಕ ತೆಗೆದು, ಉಸಿರು ಬಿಗಿಹಿಡಿದು ಕೂತಿದ್ದರು, ಕಣ್ಣು ಮಾತ್ರ ಮಿಟುಕಿಸಲಿಲ್ಲ! ಕೊನೆಗೆ ಪಕ್ಕದವರು ನಗಿಸಿದ ಮೇಲೆ ಕೆಲಸ ಆಯ್ತು.

ಇನ್ನೊಂದು ವಿಷಯ. ಒಣಗಿದ ಬೆರಳಿಗೆ ಟಚ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಒತ್ತಿ ಹಿಡಿಯುತ್ತಾರೆ, ಬೇಡದ್ದೆಲ್ಲ ತೆರೆದುಕೊಳ್ಳುತ್ತದೆ, ‘ಹಾಳು ಮಾಡಿಬಿಟ್ಟೆ’ ಅಂತ ಗಾಬರಿ. ಮೇಜಿನ ಮೇಲೆ ಒಂದು ಒದ್ದೆ ಬಟ್ಟೆ ಇಡಿ, ಬೆರಳು ಒರೆಸಿಕೊಳ್ಳಲಿ. ಪೊಲೀಸರು ಅಂತ ಸುಳ್ಳು ಹೇಳಿ ಫೋನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಅಂತ ಯಾರಾದರೂ ಹೆದರಿಸಿದರೆ ಫೋನ್ ಇಡಬೇಕು, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇದನ್ನು ಪ್ರತಿ ವಾರ ಹೇಳುತ್ತೇನೆ. ಅವರಿಗೂ ಬೇಜಾರು, ನನಗೂ ಬೇಜಾರು, ಆದರೂ ಹೇಳುತ್ತೇನೆ.

ನಿಮ್ಮಪ್ಪನನ್ನು ಕಲಿಯೋಕೆ ಕರೆಯಬೇಡಿ. ಬ್ಯಾಂಕಿನವರು ತಾನೇ? ಹೇಳಿಕೊಡೋಕೆ ಕರೆಯಿರಿ.

ಹುಬ್ಬಳ್ಳಿಯಿಂದ
ನಮ್ಮತ್ತೆಗೆ ಯೋಗದ ಮೊದಲ ದಿನವೇ ಕಹಿ ಆಯ್ತು. ಎಲ್ಲರ ಜೊತೆ ಚಾಪೆ ಮೇಲೆ ಕೂತರು, ಏಳೋಕೆ ಆಗಲಿಲ್ಲ. ಇಬ್ಬರು ಕೈ ಹಿಡಿದು ಎಬ್ಬಿಸಿದರು. ಮೊಣಕಾಲ ನೋವಿಗಿಂತ ಆ ನಾಚಿಕೆಯೇ ಜಾಸ್ತಿ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆರು ತಿಂಗಳ ಮೇಲೆ, ಕುರ್ಚಿಯಲ್ಲಿ ಕೂತೇ ಮಾಡಿಸುವ ಗುಂಪು ಸಿಕ್ಕಿತು. ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟೇ. 65 ದಾಟಿದವರು ಸಮತೋಲನದ ವ್ಯಾಯಾಮವನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ಬೀಳುವುದು ತಪ್ಪಲಿ ಅಂತ. ಸೇರಿಸುವ ಮುಂಚೆ ನೀವೇ ಒಮ್ಮೆ ಹೋಗಿ ನೋಡಿ. ಕುರ್ಚಿ ಇದೆಯಾ, ಶೌಚಾಲಯ ಹತ್ತಿರ ಇದೆಯಾ. ಶೌಚಾಲಯ ಇಲ್ಲದ ಕಡೆ ಅವರು ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ತೀರ್ಥಹಳ್ಳಿ ಕಡೆಯಿಂದ
ನಮ್ಮಲ್ಲಿ ಕ್ಲಾಸ್ ಗೀಸ್ ಏನಿಲ್ಲ. ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಹೆಸರು, ನಮ್ಮಪ್ಪ ಪೇಪರ್ ಓದೋಕೆ ಅಲ್ಲಿಗೇ ಹೋಗುತ್ತಾರೆ. ಉಪಾಯ ಏನಂದ್ರೆ, ಮನೆಗೆ ಪೇಪರ್ ತರಿಸುವುದನ್ನು ನಿಲ್ಲಿಸಿದೆ! ಒಂದು ವಾರ ಬೈದರು.

ದಾವಣಗೆರೆಯಿಂದ
ಮೇಲಿನವರು ಎಲ್ಲ ಹೇಳಿದ್ದಾರೆ. ಒಂದೇ ಸೇರಿಸುತ್ತೇನೆ. ಕ್ಲಾಸ್ ಮುಗಿದ ತಕ್ಷಣ ಕರೆದುಕೊಂಡು ಬರಬೇಡಿ. ಆಮೇಲೆ ಕುಡಿಯುವ ಕಾಫಿಗೇ ನಮ್ಮಪ್ಪ ಹೋಗುತ್ತಿದ್ದುದು. ಮತ್ತೆ 14567 ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8. ಸುಮ್ನೆ ನಂಬರ್ ಬರೆದಿಟ್ಟಿರಿ.

ಕೇಳಿದವಳು ನಾನೇ
ಎಲ್ಲರಿಗೂ ಥ್ಯಾಂಕ್ಸ್. ಪೇಪರ್ ನಿಲ್ಲಿಸುವ ಧೈರ್ಯ ನನಗಿಲ್ಲ. ನಿನ್ನೆ ಊಟಕ್ಕೆ ಕೂತಾಗ, ‘ಅಲ್ಲಿ ಪಿಂಚಣಿಯವರಿಗೆ ಮೊಬೈಲಲ್ಲಿ ಜೀವಂತ ಪ್ರಮಾಣಪತ್ರ ಮಾಡೋದು ಗೊತ್ತಾಗ್ತಿಲ್ಲವಂತೆ’ ಅಂತ ಹಾಗೇ ಹೇಳಿದೆ. ಟಿವಿ ಸೌಂಡ್ ಕಡಿಮೆ ಮಾಡಿದರು. ‘ಪಿಂಚಣಿ ಆದೇಶದ ಪಿಪಿಒ ನಂಬರ್ ಇಟ್ಟುಕೊಂಡಿರ್ತಾರಾ ಅವರೆಲ್ಲ?’ ಅಂದರು. ಶನಿವಾರ ಇಬ್ಬರೂ ಹೋಗ್ತಿದ್ದೇವೆ.