ಅಪ್‌ಡೇಟ್: ಕರಿ ಕಾರಿನ ಗೀರು ಹೋದ್ವು, ಫರಕ ಮಾಡಿದ್ದು ಪ್ಯಾಡ್

ಹೋದ ವಾರ ಕೇಳಿದ್ದೆ ನೋಡ್ರಿ, ನಮ್ಮ ಕರಿ ಕಾರಿನ ಬಾನೆಟ್ ಮ್ಯಾಲೆ ಬಿಸಿಲಿಗೆ ಜ್ಯಾಡರಬಲಿ ಹಂಗ ಕಾಣೋ ಗೀರಿಗೆ ಯಾವ ಪ್ಯಾಡ್ (ಪಾಲಿಶ್ ಮಷೀನಿಗೆ ಹಾಕೋ ಗುಂಡನ್ನ ಮೆತ್ತೆ), ಯಾವ ಆಲ್-ಇನ್-ಒನ್ ಪಾಲಿಶ್ (ಗೀರು ತಗದು, ಹೊಳಪು ಕೊಟ್ಟು, ಬಣ್ಣ ಕಾಯೋದು ಮೂರೂ ಒಂದರಾಗ) ಅಂತ. ಐತವಾರ ಕೆಲಸ ಮುಗೀತು.

ಮೊದಲ ಮೆತ್ತನ್ನ ಫಿನಿಶಿಂಗ್ ಪ್ಯಾಡ್ ಹಾಕಿದೆ. ಹೊಳಪು ಬಂತು, ಗೀರು ಅಲ್ಲೇ ಉಳದ್ವು. "ಪಾಲಿಶ್ ಬದಲಿ ಮಾಡಬ್ಯಾಡ್ರಿ, ಗಟ್ಟಿ ಫೋಮ್ ಪ್ಯಾಡ್ ಹಾಕ್ರಿ" ಅಂದವರ ಮಾತು ಖರೇ ಆತು, ಅವರಿಗೆ ಶರಣು. ಬಾನೆಟ್ ನಡುವ ಟೇಪ್ ಹಚ್ಚಿ, ಒಂದ ಕಡೆ ಅಷ್ಟ ಕಡ್ಲಿಕಾಳಿನಷ್ಟು ನಾಲ್ಕು ಹನಿ ಪಾಲಿಶ್ ಬಿಟ್ಟು, ಡ್ಯುಯಲ್ ಆಕ್ಷನ್ ಮಷೀನ್ (ಪ್ಯಾಡ್ ತಿರುಗಕೋತ ಅತ್ತಿತ್ತನೂ ಆಡೋ ಪಾಲಿಶ್ ಮಷೀನ್) ಸಾವಕಾಶ ಐದು ಸಲ ಆಡಿಸಿದೆ. ಒರೆಸಿ ಟಾರ್ಚ್ ಹಿಡಿದ್ರ ಟೇಪಿನ ಆ ಕಡೆ ಜ್ಯಾಡರಬಲಿ, ಈ ಕಡೆ ಕನ್ನಡಿ!

ಉಣ್ಣೆ ಪ್ಯಾಡ್ ಒಂದು ಮೂಲ್ಯಾಗ ಹಚ್ಚಿ ನೋಡಿದೆ, ಮಬ್ಬು ಬಂತು, ಬಿಟ್ಟೆ.

ಗೊತ್ತಿರಲಾರದ್ದು ಒಂದು: ಮೂರನೇ ಬಾಗಿಲಿಗೆ ಗೀರು ಹೋಗೋದು ನಿಂತಬಿಡ್ತು. ಪಾಲಿಶ್ ಕೆಟ್ಟೈತಿ ಅಂದ್ಕೊಂಡೆ. ನೋಡಿದ್ರ ಪ್ಯಾಡಿನ ತುಂಬ ಪಾಲಿಶ್ ಮೆತ್ತಿ ಗಟ್ಟಿಯಾಗಿತ್ತು. ಬ್ರಶ್ ಹಾಕಿ ತಿಕ್ಕಿದ ಕೂಡ್ಲೆ ಮತ್ತ ಶುರು ಆತು. ಪ್ರತಿ ಭಾಗ ಮುಗಿದ ಮ್ಯಾಲೆ ತಿಕ್ರಿ.

ನಮ್ಮ ವಿಜಯಪುರದ ಧೂಳಿಗೆ ಮೊದಲ ತೊಳೆದು ಕ್ಲೇ ಬಾರ್ (ಬಣ್ಣಕ್ಕ ಅಂಟಿದ ಹೊಲಸು ಎತ್ತೋ ಜೇಡಿಮಣ್ಣಿನಂಥ ಮುದ್ದಿ) ಆಡಿಸಬೇಕ, ಕೆಲಸ ನೆರಳಾಗ ಮಾಡಬೇಕ. ಉಗುರಿಗೆ ತಟ್ಟೋ ಆಳದ ಒಂದು ಗೀರು ಮಾತ್ರ ಹಂಗ ಐತಿ, ಅದನ್ನ ತಿಕ್ಕಿ ಕ್ಲಿಯರ್ ಕೋಟ್ (ಬಣ್ಣದ ಮ್ಯಾಲಿನ ಪಾರದರ್ಶಕ ಪದರ) ತೆಳ್ಳಗ ಮಾಡೋಕ ಹೋಗಲಿಲ್ಲ.