ಅನ್ಸಿಬಲ್‌ನಲ್ಲಿ ಆಪ್ಟ್ ಅಪ್‌ಗ್ರೇಡ್: ಮಧ್ಯಾಹ್ನದ ಹೊತ್ತು ಮಾತ್ರ ಲಾಕ್ ಎರರ್, ಯಾಕೆ?

ಕಡ್ಲೆಪುರಿ_ಅಡ್ಮಿನ್:
ಎಲ್ರಿಗೂ ನಮಸ್ಕಾರ. ನಮ್ಮಲ್ಲಿ ಉಬುಂಟು 22.04 ಸರ್ವರ್‌ಗಳು ನಲವತ್ತರ ಹತ್ರ ಇವೆ, ಜೊತೆಗೆ ನಾಲ್ಕೈದು ರಾಕಿ ಲಿನಕ್ಸ್ 8. ಮುಂಚೆ ಒಂದೊಂದಕ್ಕೂ ಲಾಗಿನ್ ಆಗಿ ಅಪ್‌ಡೇಟ್ ಕೊಡ್ತಿದ್ವಿ, ಈಗ ಅನ್ಸಿಬಲ್ (ಒಂದೇ ಕಡೆಯಿಂದ ಎಲ್ಲಾ ಸರ್ವರ್‌ಗೂ ಕೆಲ್ಸ ಹೇಳೋ ಟೂಲ್) ಪ್ಲೇಬುಕ್, ಅಂದ್ರೆ ಅದರ ಕೆಲ್ಸದ ಪಟ್ಟಿ, ಬರ್ದಿದೀನಿ, ಆಪ್ಟ್ (ಉಬುಂಟುನಲ್ಲಿ ಪ್ಯಾಕೇಜ್ ಹಾಕೋ ಟೂಲ್) ಮಾಡ್ಯೂಲಲ್ಲಿ ಕ್ಯಾಶ್ ಅಪ್‌ಡೇಟ್ ಮಾಡು, ಅಪ್‌ಗ್ರೇಡ್ ಡಿಸ್ಟ್ ಮಾಡು, ಅಷ್ಟೇ. ಬೆಳಿಗ್ಗೆ ಬಂದ ತಕ್ಷಣ ಓಡಿಸಿದ್ರೆ ಏನೂ ತಕರಾರಿಲ್ಲ, ಊಟಕ್ಕೆ ಹೋಗೋ ಮುಂಚೆ 12 ಗಂಟೆ ಹೊತ್ತಿಗೆ ಓಡಿಸಿದ್ರೆ ಒಂದಷ್ಟು ಮಷೀನ್ ಫೇಲ್, ಡಿಪಿಕೆಜಿ ಫ್ರಂಟ್‌ಎಂಡ್ ಲಾಕ್ (ಆಪ್ಟ್ ಕೆಳಗೆ ಪ್ಯಾಕೇಜ್ ಹಾಕೋ ಡಿಪಿಕೆಜಿಯನ್ನ ಒಂದು ಹೊತ್ತಿಗೆ ಒಬ್ರೇ ಬಳಸ್ಲಿ ಅಂತ ಇರೋ ಲಾಕ್) ಸಿಗ್ತಿಲ್ಲ ಅಂತ. ಅದೂ ಪ್ರತಿ ಸಲ ಬೇರೆ ಬೇರೆ ಮಷೀನ್. ಇದರ ಜೊತೆಗೆ ಡೇಟಾಬೇಸ್ ಸರ್ವರ್‌ಗಳಲ್ಲಿ ಪೋಸ್ಟ್‌ಗ್ರೆಸ್ ಆಗಾಗ ತಾನೇ ರಿಸ್ಟಾರ್ಟ್ ಆಗತ್ತೆ, ಆಪ್ ಟೀಮಿನೋರು ನನ್ನ ಮೇಲೆ ಎಗರಾಡ್ತಾರೆ. ನೀವೆಲ್ಲ ಇದನ್ನ ಹೆಂಗೆ ಸಂಭಾಳಿಸ್ತೀರಾ?

ಸುಡೋ_ಸುಬ್ಬ:
ಲಾಕ್ ಫೈಲ್ ಡಿಲೀಟ್ ಮಾಡೋ ಒಂದು ಟಾಸ್ಕ್ ಮೊದ್ಲು ಹಾಕಿ ಗುರು, ಆಮೇಲೆ ಅಪ್‌ಗ್ರೇಡ್. ಕೆಲ್ಸ ಮುಗೀತು.

ಮಧ್ಯರಾತ್ರಿ_ಪೇಜರ್:
ದಯವಿಟ್ಟು ಮೇಲಿಂದು ಮಾಡ್ಬೇಡಿ. ಲಾಕ್ ಇರೋದು ಆ ಫೈಲನ್ನ ತೆರೆದು ಹಿಡ್ಕೊಂಡಿರೋ ಪ್ರೋಸೆಸ್ ಹತ್ರ, ನೀವು ಫೈಲ್ ಅಳಿಸಿದ್ರೆ ಅದರ ಪಾಡಿಗೆ ಅದು ಓಡ್ತಾನೇ ಇರತ್ತೆ, ನಿಮ್ಮ ಆಪ್ಟ್ ಅದೇ ಹೆಸರಲ್ಲಿ ಹೊಸ ಫೈಲ್ ಮಾಡ್ಕೊಂಡು ಅದಕ್ಕೆ ಲಾಕ್ ಹಾಕತ್ತೆ, ಈಗ ಎರಡು ಡಿಪಿಕೆಜಿ ಒಂದೇ ಡೇಟಾಬೇಸಿಗೆ ಬರೀತಾ ಕೂತಿರ್ತವೆ. ಅರ್ಧಂಬರ್ಧ ಕಾನ್ಫಿಗರ್ ಆದ ಪ್ಯಾಕೇಜುಗಳನ್ನ ಆಮೇಲೆ ಬಿಡಿಸೋನು ಯಾರು?

ಕೇಳಿದ ಪ್ರಶ್ನೆಗೆ ಬರೋಣ. ನಿಮ್ಮ ಸರ್ವರ್‌ಗಳು ಯುಟಿಸಿ (ವಿಶ್ವ ಸಮಯ) ಟೈಮಲ್ಲಿವೆಯಾ? ಉಬುಂಟುನಲ್ಲಿ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ (ಸೆಕ್ಯುರಿಟಿ ಅಪ್‌ಡೇಟ್ ತಾನೇ ಹಾಕ್ಕೊಳ್ಳೋದು) ಮೊದಲಿಂದಲೇ ಆನ್ ಇರತ್ತೆ, ಅದನ್ನ ಓಡಿಸೋ ಸಿಸ್ಟಮ್‌ಡಿ ಟೈಮರ್ ಬೆಳಿಗ್ಗೆ 6ಕ್ಕೆ, ಮೇಲೆ 60 ನಿಮಿಷದವರೆಗೆ ರ‍್ಯಾಂಡಮ್ ತಡ. ಯುಟಿಸಿ 6 ಅಂದ್ರೆ ನಮಗೆ 11:30, ಅಂದ್ರೆ 11:30ರಿಂದ 12:30ರ ಒಳಗೆ ಒಂದೊಂದು ಮಷೀನಲ್ಲಿ ಒಂದೊಂದು ಹೊತ್ತಿಗೆ ಅದು ಲಾಕ್ ಹಿಡಿಯತ್ತೆ, ಅದಕ್ಕೇ ಪ್ರತಿ ಸಲ ಬೇರೆ ಮಷೀನ್ ಬೀಳೋದು. ವಾರ್ ಲಾಗ್ ಒಳಗೆ ಅದರದ್ದೇ ಫೋಲ್ಡರ್ ಇದೆ, ಟೈಮ್ ತಾಳೆ ನೋಡಿ. ಪೋಸ್ಟ್‌ಗ್ರೆಸ್ ರಿಸ್ಟಾರ್ಟ್ ಕೂಡ ಅದೇ ಹೊತ್ತಲ್ಲಿ ಆಗಿದ್ರೆ ಅದರಲ್ಲಿ ಅನ್ಸಿಬಲ್‌ದು ಏನೂ ಪಾತ್ರ ಇಲ್ಲ.

ಸದ್ಯಕ್ಕೆ ಆಪ್ಟ್ ಮಾಡ್ಯೂಲಿನ ಲಾಕ್ ಟೈಮ್‌ಔಟ್ ಜಾಸ್ತಿ ಮಾಡಿ, ಡೀಫಾಲ್ಟ್ ಬರೀ 60 ಸೆಕೆಂಡ್. ಆದ್ರೆ ನನ್ನ ಪ್ರಕಾರ ಆ ಟೈಮರನ್ನೇ ಆಫ್ ಮಾಡಿ, ಅಪ್‌ಡೇಟ್ ಅಂದ್ರೆ ಪ್ಲೇಬುಕ್ ಮಾತ್ರ ಅಂತ ಇಟ್ಕೊಳ್ಳಿ.

ಟರ್ಮಿನಲ್_ತಿಮ್ಮಿ:
ಟೈಮರ್ ವಿಷಯ ಸರಿ, ಆಫ್ ಮಾಡೋದನ್ನ ಒಪ್ಪಲ್ಲ. ಪ್ಲೇಬುಕ್ ಓಡಿಸೋರು ರಜಾ ಹಾಕಿದ ವಾರನೇ ಓಪನ್‌ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗೋ ಸಾಫ್ಟ್‌ವೇರ್) ತೂತಿನ ಥರದ್ದು ಬರತ್ತೆ, 2024ರ ಜುಲೈ 1ಕ್ಕೆ ಅದರದ್ದೇ ರೆಗ್ರೆಶನ್ ಅನ್ನೋ ಸೆಕ್ಯುರಿಟಿ ಬಗ್ ಬಂತಲ್ಲ, ಆವತ್ತು ಅನ್‌ಅಟೆಂಡೆಡ್ ಇಟ್ಟೋರು ಆರಾಮಾಗಿದ್ರು. ಸೆಕ್ಯುರಿಟಿ ಅಪ್‌ಡೇಟ್ ಅದಕ್ಕೇ ಬಿಡಿ, ಅದರ ಸೆಟ್ಟಿಂಗ್ ಫೈಲ್ ಮತ್ತು ಟೈಮರ್ ಹೊತ್ತನ್ನ ಅನ್ಸಿಬಲ್‌ನಿಂದ ಹಾಕಿ, ರಾತ್ರಿಗೆ ತಳ್ಳಿ. ಮಿಕ್ಕ ಅಪ್‌ಗ್ರೇಡ್ ಮತ್ತು ರೀಬೂಟ್ ಪ್ಲೇಬುಕ್‌ದು.

ಪೋಸ್ಟ್‌ಗ್ರೆಸ್ ಪ್ಯಾಕೇಜ್ ಅಪ್‌ಗ್ರೇಡ್ ಆದ್ರೆ ಸರ್ವಿಸ್ ರಿಸ್ಟಾರ್ಟ್ ಆಗೇ ಆಗತ್ತೆ, ಹೋಲ್ಡ್ ಮಾಡಿ, ಅಂದ್ರೆ ಅಪ್‌ಗ್ರೇಡ್ ಆಗದ ಹಾಗೆ ತಡೀರಿ. 22.04ರಲ್ಲಿ ಬರೋದು ವರ್ಶನ್ 14, ಬರೀ ಮೆಟಾ ಪ್ಯಾಕೇಜ್ (ನಿಜವಾದ ಪ್ಯಾಕೇಜನ್ನ ಎಳ್ಕೊಳ್ಳೋ ಖಾಲಿ ಪ್ಯಾಕೇಜ್) ಹೋಲ್ಡ್ ಮಾಡಿದ್ರೆ ಪ್ರಯೋಜನ ಇಲ್ಲ, ಹೆಸರಲ್ಲಿ 14 ಇರೋದನ್ನೇ ಮಾಡ್ಬೇಕು. ಹೋಲ್ಡ್ ಮಾಡಿದ್ಮೇಲೆ ಸೆಕ್ಯುರಿಟಿ ಫಿಕ್ಸೂ ನಿಲ್ಲತ್ತೆ, ಸೋ ಡಿಬಿಗೆ ಬೇರೆ ಪ್ಲೇಬುಕ್, ಆಪ್ ಟೀಮ್ ಒಪ್ಪಿದ ಹೊತ್ತಲ್ಲಿ.

ಇನ್ನೊಂದು, ಸೀರಿಯಲ್ (ಒಂದು ಸಲಕ್ಕೆ ಎಷ್ಟು ಮಷೀನ್ ಅನ್ನೋ ಸೆಟ್ಟಿಂಗ್) ಹಾಕಿದೀರಾ? 30% ಅಂತ ಹಾಕಿದ್ರೂ ಒಂದು ಬ್ಯಾಚಲ್ಲಿ ಎಲ್ಲಾ ಮಷೀನ್ ಫೇಲ್ ಆಗೋವರೆಗೂ ಅನ್ಸಿಬಲ್ ನಿಲ್ಲಲ್ಲ, ಒಂದೆರಡು ಉಳಿದಿದ್ರೆ ಮುಂದಿನ ಬ್ಯಾಚಿಗೆ ಹೋಗತ್ತೆ. ಮ್ಯಾಕ್ಸ್ ಫೇಲ್ ಪರ್ಸೆಂಟೇಜ್ 0 ಕೊಡಿ (ಒಂದು ಫೇಲ್ ಆದ್ರೂ ನಿಲ್ಲು ಅಂತ), ಅಥವಾ ಮೊದಲ ಬ್ಯಾಚ್ ಒಂದೇ ಮಷೀನ್ ಇಡಿ.

ಕಡ್ಲೆಪುರಿ_ಅಡ್ಮಿನ್:
ಯುಟಿಸಿನೇ ಮೇಡಂ/ಸರ್! ಲಾಗಲ್ಲಿ ಟೈಮ್ ಕರೆಕ್ಟಾಗಿ ಕೂತ್ಕೊಳ್ತು, ಪೋಸ್ಟ್‌ಗ್ರೆಸ್ ರಿಸ್ಟಾರ್ಟ್ ಕೂಡ ಅದರದ್ದೇ. ಟೈಮರ್ ರಾತ್ರಿಗೆ ತಳ್ತೀನಿ. ಈಗ ರಾಕಿ ಮಷೀನ್‌ಗಳು ಬಾಕಿ, ಲ್ಯಾಪ್‌ಟಾಪಲ್ಲಿ ಅನ್ಸಿಬಲ್ ಹೊಸ ವರ್ಶನ್ ಹಾಕಿದ್ಮೇಲೆ ಅಲ್ಲಿ ಯಾವ ಮಾಡ್ಯೂಲೂ ಓಡ್ತಿಲ್ಲ, ಆನೊಟೇಶನ್ಸ್ ಅಂತ ಏನೋ ಸಿಂಟ್ಯಾಕ್ಸ್ ಎರರ್. ಪೈಥಾನ್ 3.9 ಹಾಕಿ ಇಂಟರ್‌ಪ್ರಿಟರ್ ಬದಲಾಯಿಸಿದೆ, ಮಿಕ್ಕಿದ್ದೆಲ್ಲ ಓಡ್ತು, ಡಿಎನ್‌ಎಫ್ (ಉಬುಂಟುಗೆ ಆಪ್ಟ್ ಇದ್ದ ಹಾಗೆ ರಾಕಿಗೆ ಇದು) ಮಾಡ್ಯೂಲ್ ಮಾತ್ರ ಇಲ್ಲ.

ಧಾರವಾಡ_ಡೀಮನ್:
ಅದು ಗೊತ್ತಿದ್ದ ಲಫಡಾನ ಐತ್ರಿ. ಅನ್ಸಿಬಲ್ ಕೋರ್ (ಅನ್ಸಿಬಲ್‌ದ ಮೂಲ ಭಾಗ) 2.17ರಿಂದ, ಅದು ಸಂಭಾಳಿಸೋ ಮಷೀನ್‌ದಾಗ ಪೈಥಾನ್ 3.7 ಇಲ್ಲಾ ಅದರ ಮ್ಯಾಲಿಂದು ಬೇಕು, ರಾಕಿ 8ರ ಸಿಸ್ಟಮ್ ಪೈಥಾನ್ 3.6. ನೀವು 3.9 ಹಾಕಿದ್ರೂ ಡಿಎನ್‌ಎಫ್ ಲೈಬ್ರರಿ ಇರೋದು 3.6ಕ್ಕಷ್ಟ, ಹಂಗಾಗಿ ಅದು ಸಿಗಂಗಿಲ್ಲ. ಎರಡ ದಾರಿ ಅದಾವ. ಒಂದು, ಲ್ಯಾಪ್‌ಟಾಪ್‌ದಾಗ ಬ್ಯಾರೆ ವರ್ಚುವಲ್ ಎನ್ವಿರಾನ್ಮೆಂಟ್‌ದಾಗ (ಉಳಿದದ್ದಕ್ಕ ತಾಗದ ಪೈಥಾನ್ ಜಾಗ) ಕೋರ್ 2.16 ಇಟ್ಕೊಂಡು ರಾಕಿಗೆ ಅದನ್ನ ಓಡಿಸೋದು. ಇಲ್ಲಾಂದ್ರ ಕಮಾಂಡ್ ಮಾಡ್ಯೂಲಿಂದ ಸೀದಾ ಡಿಎನ್‌ಎಫ್ ಅಪ್‌ಡೇಟ್ ಕೊಡೋದು, ನೋಡಾಕ ಚಂದ ಇಲ್ಲ ಆದ್ರ ನಡೀತೈತಿ. ನಾ ಆದ್ರ ಮೊದಲನೇದ ಮಾಡ್ತೀನಿ, ಮಷೀನ್‌ಗಳನ್ನ ರಾಕಿ 9ಕ್ಕ ಒಯ್ಯೂತನಕ.

ರೀಬೂಟ್ ಬೇಕೋ ಬ್ಯಾಡೋ ಅಂತ ರಾಕಿಯೊಳಗ ನೀಡ್ಸ್ ರಿಸ್ಟಾರ್ಟಿಂಗ್ ಕಮಾಂಡಿಗೆ ಆರ್ ಆಪ್ಶನ್ ಕೊಟ್ಟು ಕೇಳ್ರಿ, ಯಮ್ ಯುಟಿಲ್ಸ್ ಪ್ಯಾಕೇಜ್ ಹಾಕಿರ್ಬೇಕು. ರೀಬೂಟ್ ಬೇಕಂದ್ರ ಅದು 1 ರಿಟರ್ನ್ ಮಾಡ್ತೈತಿ, ಅನ್ಸಿಬಲ್ ಅದನ್ನ ಫೇಲ್ ಅಂತ ತಿಳ್ಕೊಂಡು ನಿಂತ್ಬಿಡ್ತೈತಿ, ಹಂಗಾಗಿ ಫೇಲ್ಡ್ ವೆನ್‌ದಾಗ (ಯಾವಾಗ ಫೇಲ್ ಅನ್ನಬೇಕು ಅನ್ನೋ ಷರತ್ತು) 0 ಮತ್ತ 1 ಎರಡೂ ಸರಿ ಅಂತ ಬರೀರಿ.