ಸಹಾಯ ಬೇಕು: 1999ರ ಅಂತಿಮಯಾತ್ರೆಯ ವಿಎಚ್‌ಎಸ್ ಕ್ಯಾಸೆಟ್‌ಗೆ ಬೂಷ್ಟು ಹಿಡಿದೈತಿ

ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಕೊಪ್ಪಳ ಹತ್ರದ ಹಳ್ಳಿ. ನಮ್ಮ ಕಾಕಾ ಕಾರ್ಗಿಲ್ ಯುದ್ಧದಾಗ ಹುತಾತ್ಮರಾದ್ರು. ಕೊಪ್ಪಳ ಜಿಲ್ಲೆ ಆಗಿ ಆಗಿನ್ನೂ ಎರಡು ವರ್ಷ. ಧ್ವಜ ಹೊದಿಸಿದ ಪೆಟ್ಟಿಗಿ, ಬಂದೂಕು ತಲೆಕೆಳಗು ಹಿಡಿದು ನಿಂತ ಜವಾನರು, ಗಾಳ್ಯಾಗ ಹಾರಿಸಿದ ಗುಂಡು, ಎಲ್ಲಾ ಊರಿನ ಕೇಬಲ್ ಸುದ್ದಿಯವರು ಶೂಟ್ ಮಾಡಿದ್ರು. ನಾನಾಗ ಆರು ವರ್ಷದವ. ನೆನಪಿರೋದು ಚೆಂಡು ಹೂವಿನ ವಾಸನಿ ಅಷ್ಟ.

ಅಪ್ಪ ಟ್ರಂಕಿನ್ಯಾಗ ಇಟ್ಟಿದ್ದ ಕಾಪಿ ಮೊನ್ನೆ ತಗದ್ರ, ರೀಲಿನ ಅಂಚಿಗುಂಟ ಬಿಳೀ ಬೂಷ್ಟು, ಹಿಟ್ಟು ಉದುರಿಸಿದಂಗ. ಗಂಗಾವತಿ ಸ್ಟುಡಿಯೋದವರು "ಪ್ಲೇಯರ್‌ಗೆ ಹಾಕ್ರಿ, ಓಡಿದಷ್ಟು ಓಡ್ಲಿ" ಅಂದ್ರು. ಹೊಸಪೇಟೆಯವರು "ಹಾಕಬ್ಯಾಡ್ರಿ, ಹೆಡ್ಡಿಗೂ ಬೂಷ್ಟು ಹತ್ತತೈತಿ, ಟೇಪೂ ಹರೀತೈತಿ" ಅಂದ್ರು. ನನಗ ಎರಡನೇದ ಖರೆ ಅನ್ನಸ್ತೈತಿ, ಆದ್ರ ಅವರಲ್ಲಿ ಸ್ವಚ್ಛ ಮಾಡೋ ಸಾಮಾನಿಲ್ಲ. ಮಾಸ್ಟರ್ ಟೇಪ್ ಹುಡುಕಿದ್ದೂ ಆತು. ಕೇಬಲ್ ಆಫೀಸಿದ್ದಲ್ಲಿ ಈಗ ಮೊಬೈಲ್ ಅಂಗಡಿ.

ಜುಲೈ 26ರ ವಿಜಯ ದಿವಸದೊಳಗ ಅಜ್ಜಿಗೆ ತೋರಿಸಬೇಕಂತ ಆಸೆ.

ಬೂಷ್ಟು ಹಿಡಿದ ಟೇಪನ್ನ ಮೊದಲು ಸ್ವಚ್ಛ ಮಾಡಿ, ಆಮೇಲೆ ಪೆನ್‌ಡ್ರೈವ್‌ಗೆ ಹಾಕಿಕೊಡೋರು ಬಳ್ಳಾರಿ, ರಾಯಚೂರು ಕಡೆ ಯಾರಾದ್ರೂ ಅದಾರೇನ್ರಿ? ಇಲ್ಲಾ ಬೆಂಗಳೂರಿಗೇ ಒಯ್ಯಬೇಕಾ? ಕೊರಿಯರ್ ಮಾತ್ರ ಹೇಳಬ್ಯಾಡ್ರಿ, ಇರೋದು ಇದೊಂದ.